ಬೆಂಗಳೂರಿನ ಉಪಾಹಾರ ಮಂದಿರಗಳು

ಮನೆಯಲ್ಲಿ ಒಲೆಯುಂಟು, ಅಕ್ಕಿಬೇಳೆಗಳುಂಟು, ಬೇಯಿಸಿ ಬಡಿಸುವ ಕೈಗಳೂ ಉಂಟು. ಆದರೂ ಭಾನುವಾರ ಬೆಳಗ್ಗೆ ಎದ್ದು, ಶುಭ್ರವಾದ ಅಂಗಿಯನ್ನು ತೊಟ್ಟು, ಊರಿನ ಇನ್ನೊಂದು ಮೂಲೆಗೆ ಹೋಗಿ, ಗುರುತಿಲ್ಲದವರ ಕುರ್ಚಿಯ ಹಿಂದೆ ಅವರು ಯಾವಾಗ ಏಳುವರೋ ಎಂದು ಕಾಯುತ್ತ ನಿಂತು, ಕೊನೆಗೆ ಒಂದು ಮಸಾಲೆ ದೋಸೆಯನ್ನು ತಿಂದು ಸಂತುಷ್ಟರಾಗಿ ಹಿಂದಿರುಗುತ್ತೇವೆ. ಈ ಕಾರ್ಯದಲ್ಲಿ ವ್ಯಯವಾಗುವ ಹೊತ್ತಿನಲ್ಲಿ ಮನೆಯಲ್ಲಿಯೇ ನಾಲ್ವರಿಗೆ ದೋಸೆ ಹುಯ್ಯಬಹುದಾಗಿತ್ತು. ಹಾಗಿದ್ದರೂ ಹೋಗುತ್ತೇವೆ, ಹೋದವರು ಮತ್ತೆ ಹೋಗುತ್ತೇವೆ. ಶ್ರೋತೃಗಳಲ್ಲಿ ಅನೇಕರು ಈ ಅಪರಾಧದಲ್ಲಿ ನಮ್ಮೊಡನೆ ಪಾಲುದಾರರೆಂದು ನಂಬಿ, ಇದಕ್ಕೆ ಕಾರಣವೇನೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡಬೇಕೆಂದಿದ್ದೇವೆ.

ರುಚಿಯೇ ಕಾರಣವೆಂದು ಥಟ್ಟನೆ ಹೇಳಿಬಿಡಬಹುದು. ಅದು ಸುಳ್ಳಲ್ಲ. ಆದರೆ ರುಚಿಗೂ ಒಂದು ಚರಿತ್ರೆಯಿದೆ. ಆ ರುಚಿಯ ಎದುರಿಗೆ ಹಾಕಿರುವ ಕುರ್ಚಿಗೂ ಒಂದು ಚರಿತ್ರೆಯಿದೆ. ಎರಡನ್ನೂ ಒಟ್ಟಿಗೆ ನೋಡದೆ ಹೋಟೆಲೆಂಬ ಸಂಸ್ಥೆಯನ್ನು ಅರಿಯಲಾಗುವುದಿಲ್ಲ.

ಮೊದಲು ತಟ್ಟೆಯಲ್ಲಿರುವುದನ್ನು ನೋಡೋಣ. ದೋಸೆ ಇಡ್ಡಲಿಗಳು ನಮ್ಮ ನಾಡಿಗೆ ಹೊಸವಲ್ಲ. ಹತ್ತನೆಯ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆಯ ಹೆಸರು ಬರುತ್ತದೆ. ಹನ್ನೊಂದನೆಯ ಶತಮಾನದ ಲೋಕೋಪಕಾರದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ ಅರೆದು ಇಡ್ಡಲಿಗೆಯನ್ನು ಮಾಡುವ ಕ್ರಮವಿದೆ. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ದೋಸಕವೆಂಬ ಭಕ್ಷ್ಯವನ್ನು ಬಲ್ಲದು. ಆದರೆ ಆ ಕಾಲದ ಇಡ್ಡಲಿಗೆಯಲ್ಲಿ ಅಕ್ಕಿಯಿಲ್ಲ, ಉದ್ದು ಮಾತ್ರ. ಇಂದಿನ ಮಸಾಲೆ ದೋಸೆಯೊಳಗೆ ಅಡಗಿ ಕುಳಿತಿರುವ ಆಲೂಗೆಡ್ಡೆಯೂ, ಚಟ್ನಿಯನ್ನು ಕೆಂಪಗೆ ಮಾಡುವ ಮೆಣಸಿನಕಾಯಿಯೂ ಅಮೆರಿಕಾ ಖಂಡದಿಂದ ಪೋರ್ಚುಗೀಸರ ಕಾಲದ ತರುವಾಯ ಇಲ್ಲಿಗೆ ಬಂದ ಅತಿಥಿಗಳು. ಪುರಾತನವೆಂದು ನಾವು ಅಭಿಮಾನಪಡುವ ತಿಂಡಿಯ ಅರ್ಧ ಭಾಗ ಸಮುದ್ರದಾಚೆಯದು. ಅದರಿಂದ ಅಭಿಮಾನಕ್ಕೆ ಕುಂದೇನೂ ಇಲ್ಲ. ಬಂದವರನ್ನು ಒಳಗೆ ಸೇರಿಸಿಕೊಂಡುದರಿಂದಲೇ ದೋಸೆಗೆ ಈ ಮಹಿಮೆ ಒದಗಿತು.

ಮನೆಯ ದೋಸೆ ಹೋಟೆಲಿನ ದೋಸೆಯಂತೆ ಏಕಾಗುವುದಿಲ್ಲವೆಂದು ಗೃಹಿಣಿಯರು ಕೇಳುವುದುಂಟು. ಅವರ ಕೈಯಲ್ಲಿ ದೋಷವಿಲ್ಲ; ದೋಷವಿದ್ದರೆ ಕಾವಲಿಯಲ್ಲಿದೆ. ಅಕ್ಕಿ ಮತ್ತು ಉದ್ದಿನಬೇಳೆಯನ್ನು ಸುಮಾರು ಮೂರಕ್ಕೆ ಒಂದರಂತೆಯೋ ನಾಲ್ಕಕ್ಕೆ ಒಂದರಂತೆಯೋ ನೆನೆಸಿ ಅರೆದು ರಾತ್ರಿ ಇಟ್ಟರೆ, ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆದು, ಸಕ್ಕರೆಯ ಅಂಶವನ್ನು ಉಂಡು, ಹುಳಿಯಾದ ಆಮ್ಲವನ್ನೂ ಇಂಗಾಲದ ಅನಿಲವನ್ನೂ ಹೊರಡಿಸುತ್ತವೆ. ಉದ್ದಿನಲ್ಲಿರುವ ಲೋಳೆಯೂ ಸಸಾರಜನಕವೂ ಆ ಅನಿಲವನ್ನು ಹೊರಗೆ ಹೋಗಗೊಡದೆ ಹಿಡಿದಿಡುತ್ತವೆ. ಹಿಟ್ಟು ಉಬ್ಬುವುದು ಇದರಿಂದ. ಇಲ್ಲಿಯವರೆಗೆ ಮನೆಗೂ ಹೋಟೆಲಿಗೂ ಭೇದವಿಲ್ಲ. ಕೆಂಬಣ್ಣ ಚೆನ್ನಾಗಿ ಏರಲೆಂದು ಕೆಲವರು ಕಡಲೆಬೇಳೆಯನ್ನೋ, ಪರಿಮಳಕ್ಕಾಗಿ ಮೆಂತ್ಯವನ್ನೋ, ಮೃದುತ್ವಕ್ಕಾಗಿ ಅವಲಕ್ಕಿಯನ್ನೋ ಸೇರಿಸುವರು, ಅಷ್ಟೆ.

ಭೇದ ಹುಟ್ಟುವುದು ಒಲೆಯ ಮೇಲೆ. ಮನೆಯ ಕಾವಲಿ ತೆಳು. ತಣ್ಣನೆಯ ಹಿಟ್ಟು ಬಿದ್ದೊಡನೆ ಅದರ ಕಾವು ಇಳಿದುಹೋಗುತ್ತದೆ. ಹೋಟೆಲಿನ ಕಾವಲಿಯಾದರೋ ಮೇಜಿನಷ್ಟು ಅಗಲವಾದ ದಪ್ಪ ಕಬ್ಬಿಣದ ಹಾಸು. ಅದು ಬೆಳಗಿನಿಂದ ಕಾವನ್ನು ಹೀರಿ ಕೂಡಿಟ್ಟುಕೊಂಡಿರುತ್ತದೆ. ಹತ್ತು ಹನ್ನೆರಡು ದೋಸೆಗಳನ್ನು ಸಾಲಾಗಿ ಹುಯ್ದರೂ ಎದೆಗುಂದುವುದಿಲ್ಲ. ಅಡಿಗೆಯವನು ನಡುನಡುವೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುವುದನ್ನು ನೀವು ನೋಡಿರುತ್ತೀರಿ. ಅದು ಬರಿಯ ಶುಚಿಗಾಗಿ ಅಲ್ಲ. ಮೇಲ್ಮೈ ಅತಿಯಾಗಿ ಕಾದಿದ್ದರೆ ಹಿಟ್ಟು ಹರಡುವುದರೊಳಗೇ ಗಟ್ಟಿಕಟ್ಟುತ್ತದೆ. ನೀರು ಆ ಕ್ಷಣದ ಉರಿಯನ್ನು ತಗ್ಗಿಸಿ ಸೌಟಿಗೆ ಒಂದು ಸುತ್ತು ಸುತ್ತುವಷ್ಟು ಅವಕಾಶವನ್ನು ಕೊಡುತ್ತದೆ. ಅನಂತರ ಒಳಗಿನ ಕಾವು ಮೇಲೆದ್ದು ಬಂದು, ತುಪ್ಪವೋ ಬೆಣ್ಣೆಯೋ ಸೇರಿ, ಹಿಟ್ಟಿನ ಸಕ್ಕರೆಗೂ ಸಸಾರಜನಕಕ್ಕೂ ಸಂಯೋಗವಾಗಿ, ಆ ಕೆಂಪು ಹೊನ್ನಿನ ಬಣ್ಣವೂ ಬೀದಿಯ ತುದಿಗೆ ತಲುಪುವ ಆ ವಾಸನೆಯೂ ಹುಟ್ಟುತ್ತವೆ. ಒಬ್ಬನಿಗಾಗಿ ಉರಿಸುವ ಒಲೆಯಲ್ಲಿ ಇದು ಸಾಧ್ಯವಿಲ್ಲ. ನೂರು ಮಂದಿ ತಿನ್ನಲು ಕಾದಿದ್ದರೆ ಮಾತ್ರ ಅಂಥ ಕಾವಲಿಯನ್ನು ಬೆಳಗಿನಿಂದ ಹಸಿದವನಂತೆ ಉರಿಯುತ್ತಿರಿಸಬಹುದು. ಹೋಟೆಲಿನ ದೋಸೆಯ ರುಚಿಯೆಂದರೆ ಜನಸಂದಣಿಯ ರುಚಿಯೇ ಎಂದು ಹೇಳಿದರೆ ತಪ್ಪಾಗಲಾರದು.

ಈ ಮಾತಿಗೆ ನಿದರ್ಶನ ಬೇಕಾದವರು ಬಸವನಗುಡಿಯ ಗಾಂಧಿಬಜಾರಿನ ವಿದ್ಯಾರ್ಥಿ ಭವನಕ್ಕೆ ಹೋಗಬಹುದು. ಶುಕ್ರವಾರ ಮಾತ್ರ ಹೋಗಬಾರದು, ಅಂದು ಅಲ್ಲಿ ರಜ. 1943ರಲ್ಲಿ ಸುತ್ತಣ ಶಾಲೆಗಳ ಹುಡುಗರಿಗಾಗಿ ಪ್ರಾರಂಭವಾದ ಸಣ್ಣ ತಿಂಡಿಯ ಅಂಗಡಿಯದು; ಹೆಸರು ಅದರಿಂದ ಬಂದುದು. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ರೇಖಾಚಿತ್ರಗಳಿವೆ. ಬಡಿಸುವವನು ಮಣಿಕಟ್ಟಿನಿಂದ ಭುಜದವರೆಗೆ ತಟ್ಟೆಗಳನ್ನು ಒಂದರ ಮೇಲೊಂದು ಒರಗಿಸಿಕೊಂಡು, ಗೋಪುರವೊಂದು ನಡೆದು ಬಂದಂತೆ ಬರುತ್ತಾನೆ. ದೋಸೆ ದಪ್ಪವಾದುದು, ಹೊರಗೆ ಗರಿ, ಒಳಗೆ ಮೃದು. ಜೊತೆಗೆ ತೆಳ್ಳನೆಯ ಚಟ್ನಿ. ಅದಕ್ಕಾಗಿ ಕಾಯುವ ಹೊತ್ತಿನಲ್ಲಿ ನಮ್ಮೆದುರಿಗೆ ಯಾರು ಕುಳಿತಿರುವರೋ ನಾವು ಆರಿಸಿಕೊಳ್ಳಲಾರೆವು. ಜಾಗ ತೆರವಾದಲ್ಲಿ ಕುಳಿತುಕೊಳ್ಳಬೇಕು. ಈ ಸಣ್ಣ ವಿಷಯವನ್ನು ಶ್ರೋತೃಗಳು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ಇದಕ್ಕೆ ಹಿಂದಿರುಗುತ್ತೇವೆ.

ಇನ್ನು ರವೆ ಇಡ್ಡಲಿ. ಇದರ ಜನ್ಮಕ್ಕೆ ಕಾರಣ ಅಭಾವ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ ಬರ್ಮಾ ದೇಶ ಜಪಾನಿನ ವಶವಾದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿಯಿಲ್ಲದೆ ಇಡ್ಡಲಿಯನ್ನು ಹೇಗೆ ಮಾಡುವುದು? ಆ ದಿನಗಳಲ್ಲಿ ಗೋಧಿಯ ರವೆಯಿಂದ ಇಡ್ಡಲಿ ಮಾಡಲು ಪ್ರಯತ್ನಿಸಿ ಜಯಿಸಿದವರು ತಾವೇ ಎಂದು ಮಾವಳ್ಳಿ ಟಿಫಿನ್ ರೂಮಿನವರು ಹೇಳುತ್ತಾರೆ. ರವೆಯನ್ನು ತುಪ್ಪದಲ್ಲಿ ಹುರಿದು, ಸಾಸಿವೆ ಗೋಡಂಬಿಗಳ ಒಗ್ಗರಣೆಯಿಟ್ಟು, ಮೊಸರನ್ನೂ ಸೋಡವನ್ನೂ ಬೆರಸಿ ಹಬೆಯಲ್ಲಿಡುತ್ತಾರೆ. ಮೊಸರಿನ ಆಮ್ಲ ಸೋಡಕ್ಕೆ ತಾಗಿದೊಡನೆ ಅನಿಲ ಹುಟ್ಟುತ್ತದೆ. ಸೂಕ್ಷ್ಮಜೀವಿಗಳು ರಾತ್ರಿಯೆಲ್ಲ ದುಡಿದು ಮಾಡುವ ಕೆಲಸವನ್ನು ರಸಾಯನಶಾಸ್ತ್ರವು ಅರ್ಧ ಗಂಟೆಯೊಳಗೆ ಮುಗಿಸುತ್ತದೆ. ಯುದ್ಧ ಮುಗಿಯಿತು, ಅಕ್ಕಿ ಹಿಂದಿರುಗಿತು. ರವೆ ಇಡ್ಡಲಿ ಮಾತ್ರ ಹೋಗಲಿಲ್ಲ. ಕಷ್ಟಕಾಲದಲ್ಲಿ ಬದಲಿಯಾಗಿ ಬಂದವನು ಮನೆಯ ಮಗನೇ ಆಗಿಬಿಟ್ಟನು.

ಕಾಫಿಯ ವಿಷಯವನ್ನು ಹೇಳದೆ ಮುಂದೆ ಹೋದರೆ ಶ್ರೋತೃಗಳು ಕ್ಷಮಿಸಲಾರರು. ಹುರಿದು ಪುಡಿಮಾಡಿದ ಬೀಜದ ಮೇಲೆ ಕುದಿಯುವ ನೀರನ್ನು ಹಾಕಿ, ಅದು ತೊಟ್ಟುತೊಟ್ಟಾಗಿ ಇಳಿಯುವವರೆಗೆ ತಾಳ್ಮೆಯಿಂದ ಕಾದು, ಆ ಕಪ್ಪು ಕಷಾಯಕ್ಕೆ ಕಾದ ಹಾಲನ್ನು ಬೆರಸಬೇಕು. ಚಿಕೋರಿಯೆಂಬ ಬೇರಿನ ಪುಡಿ ಸ್ವಲ್ಪ ಸೇರಿದರೆ ಬಣ್ಣವೂ ಸಾಂದ್ರತೆಯೂ ಹೆಚ್ಚುತ್ತವೆ. ಎಷ್ಟು ಸೇರಬೇಕೆಂಬುದರಲ್ಲಿ ಸ್ನೇಹಿತರು ಜಗಳವಾಡಿದ್ದನ್ನು ನಾವು ಕಂಡಿದ್ದೇವೆ. ಹಿರಿಯರು ಲೋಟವನ್ನು ತುಟಿಗೆ ತಗಲಿಸದೆ ಎತ್ತಿ ಬಾಯಿಗೆ ಹುಯ್ದುಕೊಳ್ಳುತ್ತಿದ್ದರು. ಎಂಜಲಿನ ಭಯ ಅಷ್ಟು ದೊಡ್ಡದಾಗಿತ್ತು. ಅಂಥ ಜನರ ಮಕ್ಕಳು ಮೊಮ್ಮಕ್ಕಳು ಇಂದು ಬೆಂಗಳೂರಿನಲ್ಲಿ ಒಂದು ಕಾಫಿಯನ್ನು ಎರಡಾಗಿ ಹಂಚಿಕೊಂಡು, ಅದಕ್ಕೆ ಬೈಟು ಎಂಬ ಹೆಸರನ್ನೂ ಇಟ್ಟುಕೊಂಡು, ಸ್ನೇಹದ ಅಳತೆಯೇ ಅದೆಂಬಂತೆ ಕುಡಿಯುತ್ತಾರೆ. ಬೈಟು ಎಂಬ ಮಾತು ಬೆಲೆಯ ಲೆಕ್ಕದಿಂದ ಹುಟ್ಟಿರಬಹುದು. ಆದರೆ ಅದರೊಳಗೆ ಒಂದು ದೊಡ್ಡ ಪರಿವರ್ತನೆ ಅಡಗಿದೆ.

ಆ ಪರಿವರ್ತನೆಯೇ ಕುರ್ಚಿಯ ಚರಿತ್ರೆ. ಈಗ ಅದಕ್ಕೆ ಬರೋಣ.

ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಹೋಟೆಲಿಗೆ ಹೋಗುವುದು ಗೌರವಸ್ಥರಿಗೆ ಒಪ್ಪುವ ಕೆಲಸವಾಗಿರಲಿಲ್ಲ. ಯಾರು ಬೇಯಿಸಿದರೋ, ಯಾರು ಮುಟ್ಟಿದರೋ, ಹಿಂದೆ ಅದೇ ತಟ್ಟೆಯಲ್ಲಿ ಯಾರು ಉಂಡಿದ್ದರೋ ಎಂಬ ಶಂಕೆ ಕಾಡುತ್ತಿತ್ತು. ಮಗ ಕಾಫಿ ಕ್ಲಬ್ಬಿಗೆ ಹೋದನೆಂದು ತಿಳಿದರೆ ಮನೆಯಲ್ಲಿ ಸ್ನಾನವೂ ಉಪದೇಶವೂ ಒಟ್ಟಿಗೆ ಆಗುತ್ತಿದ್ದುವು. ಆದರೆ ಓದಿಗೆಂದೂ ಕಚೇರಿಯ ಕೆಲಸಕ್ಕೆಂದೂ ಹಳ್ಳಿ ಬಿಟ್ಟು ಬಂದ ಒಂಟಿ ಯುವಕರಿಗೆ ಊಟ ಬೇಕಾಗಿತ್ತು. ಅದೇ ಕಾಲಕ್ಕೆ ಕರಾವಳಿಯಲ್ಲಿ ಕೈಚಳಕವುಳ್ಳ ಅಡಿಗೆಯವರಿಗೆ ಜೀವನೋಪಾಯ ಬೇಕಾಗಿತ್ತು. ಉಡುಪಿಯ ಶ್ರೀಕೃಷ್ಣನ ಸನ್ನಿಧಿಯಲ್ಲಿ ಅಷ್ಟಮಠಗಳು ಎರಡು ವರ್ಷಕ್ಕೊಮ್ಮೆ ಸರದಿಯಂತೆ ಪೂಜೆಯ ಭಾರವನ್ನು ಹೊರುವುದು ರೂಢಿ. ಅಲ್ಲಿನ ಪಾಕಶಾಲೆಗಳು ಸಾವಿರಾರು ಜನಕ್ಕೆ ಬೇಯಿಸುವ ವಿದ್ಯೆಯನ್ನು ಕಲಿಸಿದ್ದುವು. 1923ರಲ್ಲಿ ದಕ್ಷಿಣ ಕನ್ನಡದಲ್ಲಿ ಬಂದ ಭೀಕರವಾದ ನೆರೆಯೂ ಅನೇಕರನ್ನು ಊರು ಬಿಡಿಸಿತು. ಹೀಗೆ ಘಟ್ಟ ಹತ್ತಿ ಬಂದವರು ಬೆಂಗಳೂರು, ಮೈಸೂರು, ಮದರಾಸು, ಮುಂಬಯಿಗಳಲ್ಲಿ ಒಲೆ ಹೂಡಿದರು.

ಈ ಹೋಟೆಲುಗಳು ಜನರ ಭಯವನ್ನು ಒಡನೆಯೇ ಎದುರಿಸಲಿಲ್ಲ. ಅದಕ್ಕೆ ಅನುಕೂಲವಾಗಿ ನಡೆದುಕೊಂಡುವು. ಬೇಯಿಸುವವನು ಬ್ರಾಹ್ಮಣನೆಂಬುದೇ ಬಾಗಿಲ ಮೇಲಿನ ಭರವಸೆಯಾಗಿತ್ತು. ಒಳಗೆ ಬ್ರಾಹ್ಮಣರಿಗೆ ಪ್ರತ್ಯೇಕವಾದ ಕೋಣೆ, ಇತರರಿಗೆ ಬೇರೊಂದು. ಅಸ್ಪೃಶ್ಯರೆನಿಸಿದವರಿಗೆ ಬಾಗಿಲೇ ಇಲ್ಲ. ಉಡುಪಿಯಿಂದ ಬಂದ ವಿದ್ಯೆಯೊಡನೆ ಪಂಕ್ತಿಭೇದವೂ ಬಂದಿತ್ತು. ಮಾಂಸಾಹಾರಿಗಳ ಪಾಡು ಬೇರೆ. ಹಳೆಯ ಪೇಟೆಯಲ್ಲಿ ಮಿಲಿಟರಿ ಹೋಟೆಲುಗಳೆಂಬ ಬೇರೆ ಸಾಲು ಬೆಳೆಯಿತು. ಅಲ್ಲಿ ರಾಗಿಯ ಮುದ್ದೆಗೆ ಮಾಂಸದ ಸಾರು, ಖೈಮದ ಉಂಡೆ, ದೊನ್ನೆಯಲ್ಲಿ ಹಾಕಿಕೊಡುವ ಬಿರಿಯಾನಿ. ಇವುಗಳ ರುಚಿಯನ್ನು ಬಲ್ಲವರೇ ಬಲ್ಲರು. ಆದರೂ ಬೆಂಗಳೂರಿನ ತಿಂಡಿಯನ್ನು ಹೊಗಳುವಾಗ ನಮ್ಮಂಥವರು ದೋಸೆಯ ಬಳಿಯಲ್ಲೇ ನಿಂತುಬಿಡುತ್ತೇವೆ. ಅದಕ್ಕೆ ನಾಲಗೆಯೊಂದೇ ಕಾರಣವಲ್ಲವೆಂದು ಒಪ್ಪಿಕೊಳ್ಳಬೇಕು.

ಮಾವಳ್ಳಿಯ ಉದಾಹರಣೆಯನ್ನೇ ನೋಡಿರಿ. 1924ರಲ್ಲಿ ಉಡುಪಿಯ ಕಡೆಯ ಮಯ್ಯ ಸಹೋದರರು ಲಾಲ್‌ಬಾಗಿನ ಬಳಿ ಪ್ರಾರಂಭಿಸಿದ ಆ ಹೋಟೆಲಿನ ಮೊದಲ ಹೆಸರು ಬ್ರಾಹ್ಮಿನ್ ಕಾಫಿ ಕ್ಲಬ್. ಯಜ್ಞನಾರಾಯಣ ಮಯ್ಯನವರು 1951ರಲ್ಲಿ ಯೂರೋಪಿನಲ್ಲಿ ಸಂಚರಿಸಿ ಅಲ್ಲಿನ ಭೋಜನಶಾಲೆಗಳನ್ನು ಕಂಡುಬಂದರು. ಪಾತ್ರೆಗಳ ಶುಚಿ, ಹಬೆಯ ಉಪಯೋಗ, ಅಡಿಗೆಮನೆಯ ಶಿಸ್ತು ಇವುಗಳಲ್ಲಿ ಹೊಸ ಕ್ರಮವನ್ನು ತಂದರು. ಬಂದವರು ಅಡಿಗೆಮನೆಯನ್ನು ತಾವೇ ನೋಡಬಹುದೆಂಬ ಏರ್ಪಾಟು ಅಲ್ಲಿನ ಹೆಮ್ಮೆಯಾಯಿತು. 1960ರಲ್ಲಿ ಈಗಿನ ಕಟ್ಟಡಕ್ಕೆ ಬಂದಾಗ ಹೆಸರು ಮಾವಳ್ಳಿ ಟಿಫಿನ್ ರೂಮ್ಸ್ ಎಂದಾಯಿತು. ಹೆಸರಿನ ಬದಲಾವಣೆಗೆ ಮಾಲೀಕರ ಮನಸ್ಸಿನಲ್ಲಿದ್ದ ಕಾರಣ ಏನೇ ಇರಲಿ, ನೋಡುವವರಿಗೆ ಅದರಲ್ಲೊಂದು ಅರ್ಥ ಕಾಣುತ್ತದೆ. ಹಿಂದೆ ಬಾಗಿಲ ಮೇಲಿದ್ದುದು ಜಾತಿಯ ಹೆಸರು. ಈಗ ಇರುವುದು ಬಡಾವಣೆಯ ಹೆಸರು. ಹಿಂದೆ ಶುಚಿಯೆಂದರೆ ಯಾರ ಕೈ ಎಂಬ ಪ್ರಶ್ನೆ. ಈಗ ಪಾತ್ರೆ ಎಷ್ಟು ಬಿಸಿನೀರನ್ನು ಕಂಡಿದೆ ಎಂಬ ಪ್ರಶ್ನೆ. ಶುಚಿತ್ವವು ಹುಟ್ಟನ್ನು ಬಿಟ್ಟು ಹಬೆಯನ್ನು ಆಶ್ರಯಿಸಿದುದು ನಮ್ಮ ನಾಡಿನಲ್ಲಿ ಸಾಮಾನ್ಯವಾದ ಸಂಗತಿಯಲ್ಲ.

ಈ ಎರಡು ಹೆಸರುಗಳ ನಡುವೆ ದೇಶದ ಶಾಸನವೂ ಬದಲಾಗಿತ್ತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 17ನೆಯ ಅನುಚ್ಛೇದ ಅಸ್ಪೃಶ್ಯತೆಯನ್ನು ರದ್ದುಮಾಡಿತು. 15ನೆಯ ಅನುಚ್ಛೇದವು ಅಂಗಡಿ, ಸಾರ್ವಜನಿಕ ಭೋಜನಾಲಯ, ಹೋಟೆಲುಗಳ ಪ್ರವೇಶಕ್ಕೆ ಧರ್ಮ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ಪ್ರಜೆಗೂ ಅಡ್ಡಿಯಿರಕೂಡದೆಂದು ವಿಧಿಸಿತು. ಭಾವಿಗಳೊಡನೆ, ಕೆರೆಗಳೊಡನೆ, ರಸ್ತೆಗಳೊಡನೆ ಹೋಟೆಲಿನ ಹೆಸರು ಸಂವಿಧಾನದಲ್ಲಿ ಬಂದಿರುವುದನ್ನು ಗಮನಿಸಬೇಕು. ಕಾಫಿಯ ಲೋಟವನ್ನು ಸಂವಿಧಾನಕರ್ತರು ಅಲ್ಪವಸ್ತುವೆಂದು ಎಣಿಸಲಿಲ್ಲ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯು ಬಾಗಿಲಲ್ಲಿ ತಡೆದವನಿಗೆ ಶಿಕ್ಷೆಯನ್ನು ಗೊತ್ತುಮಾಡಿತು.

ಶಾಸನದಿಂದ ಬಾಗಿಲು ತೆರೆಯಿತು. ಒಳಗೆ ಜನರನ್ನು ಬೆರಸಿದ್ದು ಹಸಿವು ಮತ್ತು ಅವಸರ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಪ್ರಾರಂಭವಾದ ಮೇಲೆ ನಿಂತು ತಿನ್ನುವ ದರ್ಶಿನಿಗಳು ಊರೆಲ್ಲ ಹಬ್ಬಿದುವು. ಅಲ್ಲಿ ಕೋಣೆಯಿಲ್ಲ, ಕುರ್ಚಿಯೂ ಇಲ್ಲ. ಚೀಟಿ ಕೊಟ್ಟವನಿಗೆ ತಟ್ಟೆ. ಕಂಬದಂಥ ಎತ್ತರದ ಮೇಜಿನ ಸುತ್ತ ನಾಲ್ವರು ಅಪರಿಚಿತರು ಮೊಣಕೈಗೆ ಮೊಣಕೈ ತಾಗಿಸಿ ಖಾರಾಬಾತು ಕೇಸರಿಬಾತುಗಳನ್ನು ತಿನ್ನುತ್ತಾರೆ. ಶಂಕರಪುರದಲ್ಲಿ 1965ರಲ್ಲಿ ಪ್ರಾರಂಭವಾದ ಬ್ರಾಹ್ಮಿನ್ಸ್ ಕಾಫಿ ಬಾರಿನ ಮುಂದೆ ಬೆಳಗ್ಗೆ ನಿಂತು ನೋಡಿರಿ. ಹೆಸರು ಹಳೆಯದು, ಆದರೆ ಮೆತ್ತನೆಯ ಇಡ್ಡಲಿಯ ಮೇಲೆ ಚಟ್ನಿಯನ್ನು ಮತ್ತೆ ಮತ್ತೆ ಹಾಕಿಸಿಕೊಳ್ಳುತ್ತ ಬೀದಿಯಂಚಿನಲ್ಲಿ ನಿಂತ ಆ ಗುಂಪಿನಲ್ಲಿ ಯಾರು ಯಾರೆಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಕಥೆ ಸುಖಾಂತವಾಯಿತೆಂದು ಹೇಳಿ ಮುಗಿಸಬಹುದಲ್ಲವೆ? ಮುಗಿಸಬೇಕೆಂದೇ ನಮ್ಮ ಆಸೆಯಾಗಿತ್ತು. ಆದರೆ ನಾವು ಕಣ್ಣಾರೆ ಕಂಡ ಒಂದು ಸಣ್ಣ ಸಂಗತಿ ಅಡ್ಡ ಬರುತ್ತದೆ.

ಒಂದು ಬೆಳಗ್ಗೆ ಊರಿನ ಒಂದು ಜನಪ್ರಿಯವಾದ ಹೋಟೆಲಿನಲ್ಲಿ ಕಿಟಕಿಯ ಬಳಿ ಕುಳಿತಿದ್ದೆವು. ಆಗತಾನೆ ದೋಸೆ ಬಂದಿತ್ತು. ಹೊರಗೆ ಬೀದಿ ಗುಡಿಸುವ ಹೆಂಗಸೊಬ್ಬಳು ಪೊರಕೆಯನ್ನು ಮರಕ್ಕೆ ಒರಗಿಸಿ, ಸೆರಗಿನ ಗಂಟಿನಿಂದ ಹಣವನ್ನು ತೆಗೆದು, ಮೆಟ್ಟಿಲಿನ ಕೆಳಗೇ ನಿಂತಳು. ಹೋಟೆಲಿನ ಹುಡುಗ ಅವಳನ್ನು ಏನೂ ಕೇಳದೆ, ಏನೂ ಹೇಳದೆ, ಕಾಗದದ ಲೋಟದಲ್ಲಿ ಕಾಫಿಯನ್ನು ತಂದು ಕೆಳಗೆ ಕೊಟ್ಟನು. ಒಳಗಿನವರಿಗೆಲ್ಲ ಉಕ್ಕಿನ ಲೋಟ. ಯಾರೂ ಅವಳನ್ನು ತಡೆಯಲಿಲ್ಲ, ಗದರಿಸಲಿಲ್ಲ. ಒಳಗೆ ಬರಬಹುದೆಂದು ಅವಳಿಗೆ ತೋರಲಿಲ್ಲ, ಕರೆಯಬಹುದೆಂದು ಹುಡುಗನಿಗೂ ತೋರಲಿಲ್ಲ. ಆ ಹುಡುಗನನ್ನು ದೂರುವುದು ಸುಲಭ. ಆದರೆ ನಮ್ಮೆದುರಿನ ಕುರ್ಚಿ ಬರಿದಾಗಿತ್ತು. ನಾವೂ ಕರೆಯಲಿಲ್ಲ. ದೋಸೆ ಆರಿಹೋಗುತ್ತದೆಂದು ತಿಂದು ಮುಗಿಸಿದೆವು. ಅವಳು ಮರದ ನೆರಳಿನಲ್ಲಿ ನಿಂತು ಕಾಫಿ ಕುಡಿದು ಪೊರಕೆಯನ್ನು ಎತ್ತಿಕೊಂಡು ಹೋದಳು. ಅವಳಿಗೆ ಅವಸರವಿತ್ತೆಂದೂ, ಹೊರಗೆ ನಿಲ್ಲುವುದೇ ಅವಳಿಗೆ ಇಷ್ಟವಿದ್ದಿರಬಹುದೆಂದೂ ಆಮೇಲೆ ನಮಗೆ ನಾವೇ ಸಮಾಧಾನ ಹೇಳಿಕೊಂಡೆವು. ಆ ಸಮಾಧಾನ ಹೆಚ್ಚು ದೂರ ಬರಲಿಲ್ಲ.

ಹಳ್ಳಿಗಾಡಿನ ಕೆಲವು ಚಹದ ಅಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟವನ್ನಿಡುವ ಪದ್ಧತಿ ಈ ಶತಮಾನದಲ್ಲಿಯೂ ಕಂಡುಬಂದಿದೆ. ಅದನ್ನು ಓದಿ ನಗರದ ವಿದ್ಯಾವಂತರಾದ ನಾವು ಖೇದಪಡುತ್ತೇವೆ. ನಮ್ಮ ಮೆಟ್ಟಿಲಿನ ಕೆಳಗಿನ ಕಾಗದದ ಲೋಟವನ್ನು ಕಂಡರೆ ಅದು ಸೌಕರ್ಯವೆಂದುಕೊಳ್ಳುತ್ತೇವೆ.

ಬೆಲೆಯೂ ಒಂದು ಬಾಗಿಲೇ. 1975ರ ತುರ್ತುಪರಿಸ್ಥಿತಿಯಲ್ಲಿ ಸರ್ಕಾರವು ಹೋಟೆಲಿನ ತಿಂಡಿಗೆ ಕಡಿಮೆಯ ಬೆಲೆಯನ್ನು ಕಟ್ಟಿದಾಗ ಮಾವಳ್ಳಿಯವರು ರುಚಿಯನ್ನು ತಗ್ಗಿಸಲೊಪ್ಪದೆ, ಆ ಬೆಲೆಗೇ ಮಾರಿ, ದಿನದಿನದ ನಷ್ಟವನ್ನು ಹಲಗೆಯ ಮೇಲೆ ಬರೆದು ತೂಗುಹಾಕಿದರೆಂದು ಪ್ರಸಿದ್ಧಿ. ಅಗ್ಗವಾಗಿಯೂ ಇರಬೇಕು, ಸೊಗಸಾಗಿಯೂ ಇರಬೇಕು ಎಂಬುದು ಕಷ್ಟವಾದ ಲೆಕ್ಕ. ಅದು ಇನ್ನೂ ಬಗೆಹರಿದಿಲ್ಲ. ನಿಂತು ತಿನ್ನುವ ದರ್ಶಿನಿಗಳು ಅದಕ್ಕೆ ಸ್ವಲ್ಪಮಟ್ಟಿನ ಉತ್ತರವನ್ನು ಕೊಟ್ಟಿವೆ.

ಪ್ರಾರಂಭದಲ್ಲಿ ಕೇಳಿದ ಪ್ರಶ್ನೆಗೆ ಈಗ ಹಿಂದಿರುಗಬಹುದು. ಮನೆಯನ್ನು ಬಿಟ್ಟು ನಾವು ಹೋಟೆಲಿಗೆ ಏಕೆ ಹೋಗುತ್ತೇವೆ? ದಪ್ಪ ಕಾವಲಿಗಾಗಿ ಎಂದು ಹೇಳಿದೆವು, ಅದು ನಿಜ. ಆ ಕಾವಲಿಯನ್ನು ಕಾಯಿಸುವುದು ಜನಸಂದಣಿಯೆಂದೂ ಹೇಳಿದೆವು. ಮನೆಯ ಊಟದಲ್ಲಿ ನಮ್ಮೆದುರಿಗೆ ಕುಳಿತುಕೊಳ್ಳುವವರನ್ನು ಹುಟ್ಟು ನಿರ್ಣಯಿಸುತ್ತದೆ. ಮದುವೆಯ ಪಂಕ್ತಿಯಲ್ಲಿ ನೆಂಟಸ್ತಿಕೆ ನಿರ್ಣಯಿಸುತ್ತದೆ. ಹೋಟೆಲಿನಲ್ಲಿ ಮಾತ್ರ ತೆರವಾದ ಕುರ್ಚಿ ನಿರ್ಣಯಿಸುತ್ತದೆ. ನೂರು ವರ್ಷದ ಹಿಂದೆ ನಮ್ಮ ಹಿರಿಯರು ಊಹಿಸಲೂ ಅಂಜುತ್ತಿದ್ದ ಸಹಭೋಜನವನ್ನು, ಉಪನ್ಯಾಸವಿಲ್ಲದೆ ಮೆರವಣಿಗೆಯಿಲ್ಲದೆ, ದೋಸೆಯ ಆಸೆ ತೋರಿಸಿ ಮಾಡಿಸಿದ್ದು ಈ ಉಪಾಹಾರ ಮಂದಿರಗಳು. ಆದುದರಿಂದ ಆ ಬರಿದಾದ ಕುರ್ಚಿಯನ್ನು ಬರಿದಾಗಿಯೇ ಬಿಟ್ಟು ಬಂದ ದಿನ ದೋಸೆ ಎಷ್ಟೇ ಗರಿಯಾಗಿದ್ದರೂ ನಾವು ಹೋಟೆಲಿಗೆ ಹೋಗಿ ಬಂದೆವೆಂದು ಹೇಳಿಕೊಳ್ಳಲು ಸಂಕೋಚವಾಗುತ್ತದೆ.

ಮುಂದಿನ ಭಾನುವಾರ ಶ್ರೋತೃಗಳು ತಮ್ಮ ಮೆಚ್ಚಿನ ಹೋಟೆಲಿಗೆ ಹೋಗಲಿ. ದೋಸೆಯ ಅಂಚನ್ನು ಮುರಿಯುವಾಗ ಆಗುವ ಸದ್ದನ್ನು ಮೊದಲು ಕೇಳಲಿ, ಚಟ್ನಿಯನ್ನು ಎರಡನೆಯ ಸಲವೂ ಕೇಳಿ ಹಾಕಿಸಿಕೊಳ್ಳಲಿ. ಎದುರಿಗೆ ಜಾಗವಿದ್ದು, ಮೆಟ್ಟಿಲ ಬಳಿ ಯಾರಾದರೂ ಅನುಮಾನಿಸುತ್ತ ನಿಂತಿದ್ದರೆ, ಇಲ್ಲಿ ಬನ್ನಿ, ಜಾಗವಿದೆ ಎಂದು ಒಂದು ಮಾತು ಹೇಳಲಿ. ಬರುವುದೂ ಬಿಡುವುದೂ ಅವರ ಇಷ್ಟ. ನಾವು ಅಂದು ಆ ಮಾತನ್ನು ಹೇಳಿರಲಿಲ್ಲ.